ಒಡೆದ ಹಾಲು, ಕಟ್ಟಿದ ಹಾಲು

ನಮ್ಮತ್ತೆ ಹಸು ಕಟ್ಟಿದ್ದರು, ಹಾಲು ಮಾತ್ರ ಮುಟ್ಟುತ್ತಿರಲಿಲ್ಲ. ನಾಗಸಂದ್ರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಸುತ್ತಲಿನ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ನಮ್ಮ ಕೊಟ್ಟಿಗೆಯ ಹಾಲು ಕುಡಿದು ದುಂಡಗಾದರು. ಇವರು ಬೆಲ್ಲದ ಕಪ್ಪು ಕಾಫಿ ಕುಡಿದು ಹಂಚಿಕಡ್ಡಿಯಂತಿದ್ದರು. "ಆಲು ಕುಡುದ್ರೆ ಒಟ್ಟೆ ಉಬ್ಬರಿಸ್ತದೆ" ಎನ್ನುವುದು ಅವರ ವೈದ್ಯಶಾಸ್ತ್ರ.

ಒಂದು ಬೆಳಿಗ್ಗೆ ಗಂಜಲದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ ಡಾಕ್ಟರು, "ಮೂಳೆ ಅಂದ್ರೆ ಬರೀ ಸುಣ್ಣ ಅಲ್ಲಮ್ಮ. ಸುಣ್ಣ ಸಿಮೆಂಟಾದ್ರೆ ಪ್ರೋಟೀನು ಕಂಬಿ. ಎರಡೂ ಹಾಲಲ್ಲಿದೆ. ಕುಡಿಯೋಕಾಗ್ದಿದ್ರೆ ಪನೀರ್ ತಿನ್ನಿ" ಎಂದರು. ದಿನವೂ ರಸ್ತೆಯುದ್ದಕ್ಕೂ ಕಂಬಿ ಕಟ್ಟುವುದನ್ನೇ ನೋಡುತ್ತಿದ್ದ ನನಗೆ ಮಾತು ಸಲೀಸಾಗಿ ತಲೆಗೆ ಹೋಯಿತು.

ಆ ಹಸುವೋ, ಅತ್ತೆಯ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡದ ಜಂಬದ್ದು. ಅತ್ತೆ ಎದುರು ನಿಂತು ಅದನ್ನು ಬೈಯುತ್ತಿದ್ದರೆ ನನಗೆ ಅಷ್ಟಿಷ್ಟು ಕೊಡುತ್ತಿತ್ತು. ನನ್ನ ಗಂಡ ಹೋಗಿ ಒದೆ ತಿಂದು ಬಂದ. "ಅಮ್ಮನ ಕೈಗೆ ಬಲ ಬರ್ದಿದ್ರೆ ಹಸು ಕೊಟ್ಬಿಡೋಣ ಕಣೇ" ಎಂದು ತೀರ್ಪು ಕೊಟ್ಟ. ಅದು ಕಿವಿಗೆ ಬಿದ್ದ ಮೇಲೆ ಅತ್ತೆ ಇಡೀ ದಿನ ಯಾರನ್ನೂ ಬೈಯಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಪನೀರ್ ಮಾಡಲೆಂದು ಕುದಿಯುವ ಹಾಲಿಗೆ ನಾನು ನಿಂಬೆಹಣ್ಣು ಹಿಂಡಿದೆ. ಅಡುಗೆಮನೆಗೆ ಬಂದ ಅತ್ತೆ ಪಾತ್ರೆ ನೋಡಿ ಕಿರುಚಿದರು. "ಅಯ್ಯೋ, ಆಲು ಒಡೆದೋಗೈತೆ! ಮುರ್ದಿರೋ ಕೈಗೆ ಒಡೆದಿರೋದ್ನ ತಿನ್ನಿಸ್ತೀಯೇನೇ? ಕೂಡೋ ಮೂಳೆನೂ ಒಡೆದೋಗ್ಲಿ ಅಂತಾನಾ?"

ಡಾಕ್ಟರು ಓದಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಈ ತೊಡಕಿದೆಯೆಂದು ಅವರಿಗೇನು ಗೊತ್ತು?

ನಾನೂ ಹಟಮಾರಿ. ಸೋಸಿ ಉಳಿದದ್ದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಗುಂಡುಕಲ್ಲು ಹೇರಿದೆ. ಸೋಸಿದ ನೀರಲ್ಲೂ ಪ್ರೋಟೀನ್ ಇರುತ್ತದಂತೆ, ಅದು ಸಾರಿಗೆ ಹೋಯಿತು. ಗಟ್ಟಿಯಾದ ಮೇಲೆ ಬಿಲ್ಲೆ ಕೊಯ್ದು ತಟ್ಟೆಯಲ್ಲಿಟ್ಟೆ.

"ಒಡೆದದ್ದಲ್ಲತ್ತೆ, ಕಟ್ಟಿರೋದು. ಗಿಣ್ಣು ಕಟ್ಟಲ್ವಾ, ಹಂಗೆ."

ಹಾಲು ಮುಟ್ಟದಿದ್ದರೂ ಹಸು ಕರು ಹಾಕಿದಾಗಿನ ಗಿಣ್ಣೆಂದರೆ ಅತ್ತೆಗೆ ಪ್ರಾಣ. ಬಿಲ್ಲೆಯನ್ನು ಬೆರಳಿಂದ ಒತ್ತಿ ನೋಡಿದರು. "ಕಟ್ಟಿರೋದಾದ್ರೆ ಸರಿ" ಎಂದು ಉಪ್ಪು, ಖಾರ ಕೇಳಿದರು. ಪ್ಲಾಸ್ಟರ್ ಬಿಚ್ಚುವವರೆಗೂ ಕೇಳಿ ಕೇಳಿ ತಿಂದರು.

ಬಿಚ್ಚಿದಾಗ ಮೂಳೆ ಕೂಡಿತ್ತು, ಕೊಂಚ ಸೊಟ್ಟಗೆ. ಬೆರಳಿಗೆ ಬಲ ಬರಲೆಂದು ಅತ್ತೆ ಹಿಟ್ಟು ನಾದಿದ್ದೂ ನಾದಿದ್ದೇ. ಅಷ್ಟರಲ್ಲಿ ಗಂಡ ಚಿಕ್ಕಬಾಣಾವರದವರೊಬ್ಬರನ್ನು ಹಸು ನೋಡಲು ಕರೆತಂದ. ಅತ್ತೆ ಅವರಿಗೆ ಬನ್ನಿ ಎನ್ನಲಿಲ್ಲ, ಕೂರಿ ಎನ್ನಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮೊದಲ ಸಲ ಹಿಂಡಿದಾಗ ಏನೂ ಬರಲಿಲ್ಲ. ಮತ್ತೆ ಹಿಂಡಿದರು. ಹಾಲು ಚಿರ್ರೆಂದು ಹಾರಿ ನನ್ನ ಪಾದದ ಮೇಲೆ ಬಿತ್ತು.

ಅತ್ತೆ ತಮ್ಮ ಕೈ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.

"ಕೈ ಸೊಟ್ಟಾಗೈತೆ, ಅಷ್ಟೇಯ. ಬಕೀಟು ಇತ್ಲಾಗ್ ಜರುಗ್ಸೇ."

ಜರುಗಿಸಿದೆ. ಬಂದವರು ಬಂದ ದಾರಿ ಹಿಡಿದರು.