ಗ್ಯಾರೇಜಿನ ಒಲೆ

ನನ್ನ ಬಾಯಿ ಜೋರು ಎಂಬುದು ಸ್ಯಾನ್ ಡಿಯಾಗೋದ ಕನ್ನಡದವರಿಗೆಲ್ಲ ಗೊತ್ತು. ಅಂಥವಳಿಗೆ ಸ್ವಂತದ್ದೊಂದು ಮಾತೂ ಆಡಬಾರದಂಥ ಕೆಲಸ ಗಂಟುಬಿದ್ದಿತು ನೋಡಿ. ನಾನು ದುಭಾಷಿ. ಆಸ್ಪತ್ರೆಯವರೋ, ಕೌಂಟಿ ಎಂದು ಕರೆಯುವ ಇಲ್ಲಿನ ಜಿಲ್ಲಾ ಕಚೇರಿಯವರೋ ಇಂಗ್ಲಿಷ್ ಬಾರದ ಕನ್ನಡದವರ ಜೊತೆ ಮಾತಾಡಬೇಕಾದಾಗ ಒಂದು ಕಂಪನಿಯ ಮೂಲಕ ನನಗೆ ಕರೆ ಬರುತ್ತದೆ. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ದಾಟಿಸಬೇಕು. ಏನನ್ನೂ ಸೇರಿಸುವಂತಿಲ್ಲ, ಏನನ್ನೂ ಬಿಡುವಂತಿಲ್ಲ. ಯಾರಾದರೂ ಅಜ್ಜ ‘ನಂಗೆ ಮಂಡಿನೋವು’ ಅಂದರೆ ನಾನೂ ‘ನನಗೆ ಮಂಡಿನೋವು’ ಎಂದೇ ಇಂಗ್ಲಿಷಿನಲ್ಲಿ ಹೇಳಬೇಕು. ‘ಅವರಿಗಂತೆ’ ಎನ್ನುವ ಹಾಗಿಲ್ಲ.

ಈ ಕೆಲಸ ಹಿಡಿದದ್ದು ಗಂಡ ಹೋದ ಮೇಲೆ. ಅವರು ಇದೇ ಊರಿನ ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಇದ್ದವರು. ಕೊರೊನಾದ ಮೊದಲ ಚಳಿಗಾಲದಲ್ಲಿ ಆಸ್ಪತ್ರೆಗೆ ಸೇರಿದರು. ಆಮೇಲೆ ಅವರ ಮುಖವನ್ನು ನಾನು ನೋಡಿದ್ದು ನರ್ಸ್ ಹಿಡಿದ ಐಪ್ಯಾಡಿನಲ್ಲಿ ಮಾತ್ರ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಕನ್ನಡ ಆಡುವುದಕ್ಕೆ ಒಂದು ನರಪಿಳ್ಳೆಯೂ ಇಲ್ಲವಾಯಿತು. ಕುಕ್ಕರ್ ಸೀಟಿ ಹಾಕದಿದ್ದರೆ ಅದಕ್ಕೆ ಬೈಯುತ್ತಿದ್ದೆ. ಒಂದು ಬೆಳಿಗ್ಗೆ ಪಾಲಕ್ ಸೊಪ್ಪು ತೊಳೆಯುತ್ತಾ ‘ಎಷ್ಟು ಮಣ್ಣು ಹೊತ್ಕೊಂಡ್ ಬಂದಿದೀಯಲ್ಲೇ ಮಾರಾಯ್ತಿ’ ಎಂದು ಅದರ ಜೊತೆ ಹರಟೆಗೆ ಕೂತೆ. ಆಗ ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು. ಪರೀಕ್ಷೆ ಕಟ್ಟಿ ದುಭಾಷಿಯಾದೆ. ಕನ್ನಡಕ್ಕೆ ತಿಂಗಳಿಗೆ ಮೂರೋ ನಾಲ್ಕೋ ಕರೆ ಬಂದರೆ ಹೆಚ್ಚು. ಯಾರದೋ ಶುಗರ್, ಯಾರದೋ ಹಲ್ಲುನೋವು. ಆದರೂ ಕಿವಿಗೆ ಕನ್ನಡ ಬೀಳುತ್ತಿತ್ತಲ್ಲ, ಅದಕ್ಕೇ ಕಾದು ಕೂತಿರುತ್ತಿದ್ದೆ.

ಅಷ್ಟರಲ್ಲಿ ಈ ದೇಶದ ಮಾತಿನ ಧಾಟಿಯೂ ಬದಲಾಗಿತ್ತು. 2025ರ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನಲ್ಲಿ ಮುಖಕ್ಕೆ ಮುಸುಕು ಹಾಕಿಕೊಂಡ ವಲಸೆ ಇಲಾಖೆಯ ಅಧಿಕಾರಿಗಳು ಕಾರು ತೊಳೆಯುವ ಜಾಗಗಳಿಗೆ ನುಗ್ಗಿ ಜನರನ್ನು ಹಿಡಿದೊಯ್ಯುತ್ತಿದ್ದರು. ಟಿವಿ ಹಾಕಿದರೆ, ವಲಸೆ ಬಂದವರು ಸರ್ಕಾರದ ಸವಲತ್ತುಗಳನ್ನು ಕದ್ದು ತಿನ್ನುತ್ತಿದ್ದಾರೆ ಎಂಬ ಕೂಗು. ತಾವೂ ವಲಸೆ ಬಂದವರೇ ಎಂಬುದನ್ನು ಮರೆತು ನಮ್ಮವರಲ್ಲೂ ಎಷ್ಟೋ ಮಂದಿ ಅದಕ್ಕೆ ದನಿಗೂಡಿಸಿದರು. ಆ ವರ್ಷ ಗಣೇಶನ ಹಬ್ಬದ ಊಟಕ್ಕೆ ಲಾಸ್ ಏಂಜಲೀಸ್ ಹತ್ತಿರದ ಡೈಮಂಡ್ ಬಾರ್‌ನ ಡಾಕ್ಟರೊಬ್ಬರ ಮನೆಗೆ ಹೋಗಿದ್ದೆ. ಡಾಕ್ಟರು ಕಡುಬು ಮುರಿಯುತ್ತಾ ಶುರು ಮಾಡಿದರು: “ನಾವು ಲೀಗಲ್ ಆಗಿ, ಕಷ್ಟಪಟ್ಟು ಬಂದೋರು ರೀ. ಇವ್ರು ಬಂದು ಫ್ರೀಯಾಗಿ ತಿನ್ಕೊಂಡ್ ಕೂತಿದಾರೆ. ಟ್ಯಾಕ್ಸ್ ಕಟ್ಟೋರು ಯಾರು? ನಾವು!”

ಅವರತ್ತೆ ಅದೇ ಮನೆಯ ಮಹಡಿಯಲ್ಲಿರುತ್ತಿದ್ದರು. ಕಾಗದದಲ್ಲಿ ಮಾತ್ರ ಬೇರೆ ವಿಳಾಸ ತೋರಿಸಿ, ಇವರಿಗೆ ದಿಕ್ಕಿಲ್ಲ ಎಂಬಂತೆ ಬರೆದು, ಸರ್ಕಾರದ ಇನ್ಶೂರೆನ್ಸ್ ಮಾಡಿಸಿದ್ದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ನನ್ನ ಬಾಯಿ ಸುಮ್ಮನಿರಬೇಕಲ್ಲ!

“ಅಲ್ಲ ಡಾಕ್ಟ್ರೇ, ನಿಮ್ಮತ್ತೆಯವರ ಮಂಡಿ ಆಪರೇಷನ್ ಯಾರ ಟ್ಯಾಕ್ಸಲ್ಲಿ ಆಯ್ತು?” ಎಂದೆ.

ಕೋಸಂಬರಿ ಬಡಿಸುತ್ತಿದ್ದ ಅವರ ಹೆಂಡತಿ ಸೌಟು ಹಿಡಿದು ಹಾಗೇ ನಿಂತುಬಿಟ್ಟರು. ಯಾರೂ ನಗಲಿಲ್ಲ. ಅವತ್ತಿನಿಂದ ಬೊಂಬೆ ಆರತಿಗೂ ಯಾರೂ ಕರೆಯಲಿಲ್ಲ, ದೀಪಾವಳಿಗೂ ಕರೆಯಲಿಲ್ಲ. ಹಬ್ಬದ ದಿನ ಒಬ್ಬಳೇ ಹೋಳಿಗೆ ತಟ್ಟಿ, ಒಂದು ತಿಂದು, ಅತ್ತುಬಿಟ್ಟೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಮೇಲೆ ಬಂದದ್ದು ಈ ಕೆಲಸ. ಫೋನಿನಲ್ಲಲ್ಲ, ಖುದ್ದಾಗಿ ಹೋಗಬೇಕಿತ್ತು, ಡಾಕ್ಟರ ಮನೆಗಲ್ಲದಿದ್ದರೂ ಅದೇ ಡೈಮಂಡ್ ಬಾರ್‌ಗೇ. ಬಾಗಿಲಲ್ಲಿ ಕೌಂಟಿಯ ತನಿಖಾಧಿಕಾರಿ ಕಾಯುತ್ತಿದ್ದಳು. ಚಿಕ್ಕ ವಯಸ್ಸಿನವಳು, ತಂದೆ ತಾಯಿ ಮೆಕ್ಸಿಕೋದಿಂದ ಬಂದವರಂತೆ. ಮುಸುಕಿನವರು ಬಂದರೆಂದು ಅಕ್ಕಪಕ್ಕದವರು ಹೆದರಬಾರದಲ್ಲ, ಅದಕ್ಕೆ ಕತ್ತಿನ ಬ್ಯಾಡ್ಜನ್ನು ಎದ್ದು ಕಾಣುವಂತೆ ತಿರುಗಿಸಿಕೊಂಡಳು. ವಿಷಯ ಇಷ್ಟೇ. ಇಷ್ಟು ದೊಡ್ಡ ಮನೆಯಲ್ಲಿ, ಮಗನ ಜೊತೆಗಿರುವ ಮುದುಕಿ, ಬಡವರ ದಿನಸಿಗೆಂದು ಸರ್ಕಾರ ದುಡ್ಡು ತುಂಬಿ ಕೊಡುವ ಫುಡ್ ಸ್ಟ್ಯಾಂಪ್ ಕಾರ್ಡಿನಲ್ಲಿ ದಿನಸಿ ತರುತ್ತಾಳೆ ಎಂದು ಯಾರೋ ದೂರು ಕೊಟ್ಟಿದ್ದರು. ಒಂದೇ ಸೂರಿನಡಿ ಇದ್ದರೂ ದಿನಸಿ, ಅಡುಗೆ ಎರಡೂ ಬೇರೆಯಾಗಿದ್ದರೆ ಆ ಕಾರ್ಡು ನ್ಯಾಯವಾಗಿ ಸಲ್ಲುತ್ತದೆ. ಒಟ್ಟಿಗೆ ಬೇಯಿಸಿ ಉಣ್ಣುತ್ತಿದ್ದರೆ ಅದು ಮೋಸ. ಅರ್ಜಿಯಲ್ಲಿ ‘ಬೇರೆ’ ಎಂದಿತ್ತು. ನಿಜವೋ ಸುಳ್ಳೋ ನೋಡಬೇಕಿತ್ತು.

ಬಾಗಿಲು ತೆಗೆದವರಿಗೆ ಎಪ್ಪತ್ತೈದರ ಮೇಲಾಗಿತ್ತು. ನಾನು ನಮಸ್ಕಾರ ಎಂದಿದ್ದೇ ತಡ, ಮುಖ ಅರಳಿತು.

“ಅಯ್ಯೋ, ನಮ್ಮೋರಾ! ಯಾರೋ ಹಿಂದಿಯೋರ್ನ ಕಳಿಸ್ತಾರೆ ಅಂದ್ಕೊಂಡಿದ್ದೆ. ಮೈಸೂರು ಕಡೆಯೋಳೇನಮ್ಮಾ? ಬಾ, ಬಾ, ಕಾಫಿ ಮಾಡ್ತೀನಿ.”

ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅಧಿಕಾರಿ ನಡುಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಅಜ್ಜಿ ಅಡುಗೆಮನೆಯಲ್ಲಿ ಒಂದು ಕಪಾಟು ತೆಗೆದರು, ಅಲ್ಲಿ ವೈನ್ ಲೋಟಗಳಿದ್ದವು. ಇನ್ನೊಂದರಲ್ಲಿ ನಾಯಿಯ ಬಿಸ್ಕತ್ತು. ಸಕ್ಕರೆ ಸಿಗಲಿಲ್ಲ. ಗಾಜಿನ ಒಲೆಯ ಮೇಲೆ ಬೆರಳಾಡಿಸಿದರು, ಎಲ್ಲಿ ಒತ್ತಬೇಕೆಂದು ಅವರಿಗೆ ತಿಳಿಯಲಿಲ್ಲ. ನಾನು ಎದ್ದು ಹೋಗಿ “ಏನು ಹುಡುಕ್ತಿದೀರಮ್ಮ?” ಎಂದೆ. ಅವರು ನನ್ನ ಕೈ ಹಿಡಿದು, ವಾಷಿಂಗ್ ಮಷೀನಿನ ಪಕ್ಕದ ಬಾಗಿಲಿನಿಂದ ಗ್ಯಾರೇಜಿಗೆ ಕರೆದುಕೊಂಡು ಹೋದರು.

ಅಲ್ಲಿತ್ತು ಅವರ ಸಂಸಾರ. ಒಂದು ಕರೆಂಟ್ ಒಲೆ, ಮೊಣಕಾಲೆತ್ತರದ ಫ್ರಿಜ್ಜು, ಒಗ್ಗರಣೆ ಡಬ್ಬಿ, ಕುಂಡದಲ್ಲಿ ಒಂದು ಕರಿಬೇವು. ಹಾಲು ಉಕ್ಕುವಷ್ಟರಲ್ಲಿ ಎಲ್ಲ ಹೇಳಿದರು.

“ಸೊಸೆ ಕೆಟ್ಟೋಳೇನಲ್ಲ. ಅವ್ರಿಗೆ ಚಿಕನ್ನು ಗಿಕನ್ನು ಆಗ್ಬೇಕು, ನಂಗೆ ಈರುಳ್ಳಿನೂ ಆಗಲ್ಲ. ಇಂಗಿನ ಒಗ್ಗರಣೆ ಹಾಕಿದ್ರೆ ಮನೆಯೆಲ್ಲಾ ವಾಸ್ನೆ ಅಂತಾಳೆ. ಅದಕ್ಕೇ ಮೂರು ವರ್ಷದಿಂದ ನನ್ನ ಪಾಡಿಗೆ ನಾನು. ಸೀನಿಯರ್ ಸೆಂಟರ್‌ನಲ್ಲಿ ಒಬ್ಳು ಚೀನೀ ಹುಡುಗಿ ಅರ್ಜಿ ಬರ್ಕೊಟ್ಟು ಈ ಕಾರ್ಡ್ ಮಾಡಿಸ್ದಳು. ಯಾರ ಹತ್ರನೂ ಕೈ ಚಾಚ್ದೆ ನಾಕು ತರ್ಕಾರಿ ತಂದ್ಕೋತೀನಿ. ಇದೂ ಹೋದ್ರೆ ಒಂದು ಕಟ್ಟು ಕೊತ್ತಂಬ್ರಿಗೂ ಅವ್ಳನ್ನ ಕೇಳ್ಬೇಕು. ನನ್ನ ಕೈಲಾಗಲ್ಲಮ್ಮ ಅದು.” ಲೋಟ ಕೊಡುತ್ತಾ ದನಿ ತಗ್ಗಿಸಿದರು. “ನಮ್ಮೋಳು ಅಂತ ಹೇಳ್ದೆ. ಇದನ್ನ ಯಾರಿಗೂ ಹೇಳ್ಬೇಡ. ಅವ್ರಮ್ಮ ಗ್ಯಾರೇಜಲ್ಲಿ ಬೇಯಿಸ್ಕೊಂಡ್ ತಿಂತಾಳೆ ಅಂತ ಆದ್ರೆ ಮಗನ ಮಾನ ಏನಾಗ್ಬೇಕು?”

ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ಅವರ ಒಲೆ ಬೇರೆಯೇ ಇತ್ತಲ್ಲ! ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೇಸು ಮುಗಿಯುತ್ತಿತ್ತು.

ನಡುಮನೆಗೆ ಬಂದು ಕೂತ ಮೇಲೆ ಅಧಿಕಾರಿ ಕೇಳಿದಳು: ನಿಮ್ಮ ಅಡುಗೆ ಯಾರು ಮಾಡುತ್ತಾರೆ? ನಾನು ಕನ್ನಡದಲ್ಲಿ ಕೇಳಿದೆ. ಅಜ್ಜಿ ಅವಳ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಾ ಹೇಳಿದರು.

“ನನ್ನ ಸೊಸೆ. ದಿನಾ ಬಿಸಿಬಿಸಿಯಾಗಿ ಮಾಡಿ ಬಡಿಸ್ತಾಳೆ. ನಾವೆಲ್ಲ ಒಟ್ಟಿಗೇ ಕೂತು ಊಟ ಮಾಡೋದು.”

ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ: ನನ್ನ ಸೊಸೆ ಮಾಡುತ್ತಾಳೆ, ನಾವೆಲ್ಲ ಒಟ್ಟಿಗೇ ಊಟ ಮಾಡುತ್ತೇವೆ. ನಿಮಗೆ ಬೇರೆ ಅಡುಗೆಯ ಜಾಗ ಇದೆಯೇ ಎಂದು ಅವಳು ಮತ್ತೆ ಕೇಳಿದಳು. “ಅದ್ಯಾಕೆ ಬೇಕು? ಮಗ ನನ್ನ ಚೆನ್ನಾಗಿ ನೋಡ್ಕೋತಾನೆ.” ಅದನ್ನೂ ಹೇಳಿದೆ. ದುಭಾಷಿಗೆ ಒಂದು ವಿನಾಯಿತಿ ಇದೆ. ತಪ್ಪು ತಿಳಿವಳಿಕೆ ಆಗುತ್ತಿದೆ ಎನಿಸಿದರೆ ಅನುಮತಿ ಕೇಳಿ ಒಂದು ಮಾತು ವಿವರಿಸಬಹುದು. ನನಗದು ಗೊತ್ತಿತ್ತು. ತಲೆಯಾಡಿಸಿ ಬಂದಿದ್ದೆನಲ್ಲ, ಸುಮ್ಮನೆ ಕೂತೆ.

ಹೊರಗೆ ಕಾರಿನ ಹತ್ತಿರ ಅಧಿಕಾರಿ, “ಪಾಪ, ಒಪ್ಪಿಕೊಂಡುಬಿಟ್ಟರು. ಬಹಳ ಜನ ಒಪ್ಪಿಕೊಳ್ಳುವುದಿಲ್ಲ” ಎಂದು ಬೇಜಾರು ಮಾಡಿಕೊಂಡಳು. ಸ್ಯಾನ್ ಡಿಯಾಗೋವರೆಗೂ ಡ್ರೈವ್ ಮಾಡುತ್ತಾ ಕಾರಿನಲ್ಲಿ ಒಬ್ಬಳೇ ಕೂಗಾಡಿದೆ. ಅಜ್ಜಿಗೆ ಬೈದೆ, ಸೊಸೆಗೆ ಬೈದೆ, ನನಗಂತೂ ಸರಿಯಾಗಿಯೇ ಬೈದುಕೊಂಡೆ. ಹಿಂದಿಯವರನ್ನು ಕಳಿಸಿದ್ದರೆ ಆಕೆ ನಿಜ ಹೇಳುತ್ತಿದ್ದರು. ಅವರ ಮುಂದೆ ಎಂಥ ಮಾನ, ಎಂಥ ನಾಚಿಕೆ? ಎದುರಿಗೆ ಕನ್ನಡದವಳು ಕೂತಿದ್ದಳು, ಅದಕ್ಕೇ ಮಗನ ಮನೆಯನ್ನು ಹೊಗಳಬೇಕಾಯಿತು. ಡಾಕ್ಟರ ಅತ್ತೆಯ ಇನ್ಶೂರೆನ್ಸಿಗೆ ಏನೂ ಆಗಿರಲಿಲ್ಲ. ನ್ಯಾಯವಾಗಿ ತಿನ್ನುತ್ತಿದ್ದವರು ಕಳ್ಳಿಯಾದರು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಕರೆ ಬಂತು. ಅದೇ ಅಧಿಕಾರಿ, ಅದೇ ಅಜ್ಜಿ, ಮೂವರೂ ಒಂದೇ ಲೈನಿನಲ್ಲಿ. ನಿರ್ಧಾರವನ್ನು ಓದಿ ಹೇಳಬೇಕಿತ್ತು. ಅರ್ಜಿಯಲ್ಲಿ ಸುಳ್ಳು ಮಾಹಿತಿ ಕೊಟ್ಟಿದ್ದೀರಿ, ಆದ್ದರಿಂದ ಮುಂದಿನ ತಿಂಗಳಿನಿಂದ ಕಾರ್ಡು ನಿಲ್ಲುತ್ತದೆ. ಒಂದೊಂದೇ ವಾಕ್ಯ ಕನ್ನಡಕ್ಕೆ ಮಾಡಿದೆ.

“ಹೂಂ. ಆಗ್ಲಿ,” ಎಂದರು ಅಜ್ಜಿ. ಆಮೇಲೆ, “ಏನಮ್ಮಾ, ನೀನೇ ಅಲ್ವಾ? ದನಿ ಗುರುತು ಸಿಕ್ತು. ಯಾರಿಗೂ ಹೇಳ್ಲಿಲ್ಲ ನೀನು. ನಿನ್ನ ಹೊಟ್ಟೆ ತಣ್ಣಗಿರ್ಲಿ. ಊಟ ಆಯ್ತಾ?”

ಊಟ ಆಯಿತಾ ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ! ಮೊದಲ ಸಲ ನಿಯಮ ಮುರಿದೆ. ಅವರ ಮಾತನ್ನು ಇಂಗ್ಲಿಷಿಗೆ ಮಾಡಲೇ ಇಲ್ಲ. ಕಣ್ಣು ಒರೆಸಿಕೊಂಡೆ. ದುಭಾಷಿಗೆ ಒಂದು ಮಾತು ಹೇಳಲು ಅನುಮತಿ ಬೇಕು ಎಂದು ಅಧಿಕಾರಿಯನ್ನು ಕೇಳಿದೆ. ಎಲ್ಲ ಹೇಳಿಬಿಟ್ಟೆ. ಗ್ಯಾರೇಜು, ಕರೆಂಟ್ ಒಲೆ, ಫ್ರಿಜ್ಜು, ಮೂರು ವರ್ಷ. ಮಗನ ಮಾನ ಕಾಪಾಡಲು ಅವತ್ತು ಹಾಗೆ ಹೇಳಿದರು, ಅರ್ಜಿಯಲ್ಲಿರುವುದೇ ನಿಜ ಎಂದೆ.

“ಅವರನ್ನೇ ಕೇಳಿ,” ಎಂದಳು ಅಧಿಕಾರಿ. “ಅವರು ಹೌದು ಅಂದರೆ ಸಾಕು, ಈ ಆದೇಶವನ್ನು ಇವತ್ತೇ ತಡೆಯುತ್ತೇನೆ.”

ನಾನು ಅಧಿಕಾರಿಗೆ ಹೇಳಿದ್ದನ್ನೂ, ಅವಳು ಕೇಳಿದ್ದನ್ನೂ ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಸೇರಿಸಬಾರದ್ದನ್ನೂ ಸೇರಿಸಿದೆ: “ಹೂಂ ಅನ್ನಿ ಅಮ್ಮ. ಒಂದೇ ಒಂದು ಸಲ ಹೂಂ ಅಂದ್ಬಿಡಿ. ಕಾರ್ಡ್ ಉಳಿಯುತ್ತೆ.”

ಅಜ್ಜಿಯ ಉತ್ತರ ಬಂದಾಗ ಆ ಸಲಿಗೆಯ ‘ನೀನು’ ಹೋಗಿತ್ತು. ನನ್ನನ್ನು ಬಿಟ್ಟು, ಕನ್ನಡ ಬಾರದ ಅಧಿಕಾರಿಯನ್ನೇ ಕರೆದು ಕನ್ನಡದಲ್ಲಿ ಹೇಳಿದರು.

“ಸುಳ್ಳು ಮೇಡಂ. ಈಯಮ್ಮ ಸುಳ್ಳು ಹೇಳ್ತಿದಾರೆ. ನನ್ನ ಸೊಸೆನೇ ದಿನಾ ಬಡಿಸೋದು. ಈಯಮ್ಮ ಯಾರೂಂತಾನೇ ನಂಗೊತ್ತಿಲ್ಲ.”

“ಏನಂದರು?” ಎಂದು ಅಧಿಕಾರಿ ಕೇಳಿದಳು.

“ಅದು ಸುಳ್ಳು,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. “ಈ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ. ನನ್ನ ಸೊಸೆಯೇ ದಿನಾ ಬಡಿಸುತ್ತಾಳೆ. ಈ ಹೆಂಗಸು ಯಾರೆಂದೇ ನನಗೆ ಗೊತ್ತಿಲ್ಲ.”

ಅಧಿಕಾರಿ ಥ್ಯಾಂಕ್ಯೂ ಎಂದಳು. ಅಜ್ಜಿ ಅಷ್ಟರಲ್ಲೇ ಫೋನ್ ಇಟ್ಟಿದ್ದರು.