ಮೂರು ಲೋಟ ಕಹಿ

ಹಾಗಲಕಾಯಿ ಅರೆದು ವಿನೆಗರ್ ಬೆರೆಸಿದ ವಾಸನೆ ಮೂಗಿಗೆ ಬಡಿದರೆ ಸಾಕು, ಕೊಕ್ಕಡದ ನಮ್ಮ ಮನೆಯ ಅಡುಗೆಕೋಣೆ ಕಣ್ಣೆದುರು ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ. ಕೊಂಡವರು ಕೆಡವಿ ಬೇರೆ ಕಟ್ಟಿದ್ದಾರೆ. ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬ ನಮ್ಮದು. ಮನೆಯೊಳಗೆ ಮಲಯಾಳ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು. ಶುಭ ಶುಕ್ರವಾರ ಶಿಲುಬೆಯ ಹಾದಿಯ ಮೆರವಣಿಗೆ ಮುಗಿಸಿ ಬಿಸಿಲಲ್ಲಿ ಬೆಂದು ಬಂದವರಿಗೆಲ್ಲ ನಮ್ಮ ಅಜ್ಜಿ ಅಮ್ಮಚ್ಚಿ ಆ ರಸವನ್ನು ಒಂದೊಂದು ಗುಟುಕು ಕೊಡುತ್ತಿದ್ದರು. ಶಿಲುಬೆಯ ಮೇಲೆ ಬಾಯಾರಿದ ಯೇಸುವಿಗೆ ಹುಳಿರಸ ಕೊಟ್ಟರಲ್ಲ, ಅದರ ನೆನಪಿಗೆ. ಪ್ರತಿವರ್ಷವೂ ನನಗೆ ಅದರ ಮೇಲೆ ಸಿಟ್ಟು.

ಒಂಬತ್ತು ತುಂಬಿದ ವರ್ಷ ಮಾತ್ರ ನಾನಾಗಿಯೇ ಲೋಟ ಚಾಚಿದೆ. ಹಿಂದಿನ ವಾರ ರಬ್ಬರ್ ಶೀಟು ಒಣಗಿಸುವ ಹೊಗೆಮನೆ ಸುಟ್ಟುಹೋಗಿತ್ತು. ಅದರ ಒಲೆಗೆ ಸಿಕ್ಕಾಪಟ್ಟೆ ತೆಂಗಿನ ಗೆರಟೆ ತುಂಬಿಸಿ ಆಟಕ್ಕೆ ಓಡಿದವಳು ನಾನು. ನಮ್ಮ ತಂದೆ ಅಪ್ಪಚ್ಚನ್ ಅಂಗಳದಲ್ಲಿ ನಿಂತು "ಯಾರು ಮಾಡಿದ್ದು?" ಎಂದಾಗ ನಾನು ಬಾಗಿಲ ಹಿಂದೆ ಸರಿದೆ. "ನಾನು" ಎಂದಳು ನನ್ನ ಅಕ್ಕ, ರೋಸಿಲಿ ಚೇಚಿ. ಬೆತ್ತದ ಪೆಟ್ಟು ಅವಳ ಕಾಲಿಗೆ ಬಿತ್ತು. ಆ ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್, ಯೇಸು ನಮ್ಮ ಪಾಪಕ್ಕಾಗಿ ನಮ್ಮ ಬದಲಿಗೆ ಸತ್ತರು ಎಂದು ಹೇಳಿಕೊಟ್ಟರು. ಉಳಿದ ಮಕ್ಕಳಿಗೆ ಅದು ಬರೀ ಪಾಠ. ನಾನು ಚೇಚಿಯ ಕಾಲಿನ ಬಾಸುಂಡೆಗಳನ್ನು ಮನಸ್ಸಿನಲ್ಲೇ ಎಣಿಸುತ್ತಾ ಕುಳಿತೆ.

ಹಾಗಾಗಿ ಮೂರು ಲೋಟ ಕುಡಿದೆ. ಮೂರನೆಯದು ಒಳಗೆ ನಿಲ್ಲಲಿಲ್ಲ. ಅಂಗಳದ ಮೂಲೆಯಲ್ಲಿ ಕಾರುತ್ತಿದ್ದವಳ ಬೆನ್ನು ಸವರುತ್ತಾ ಅಮ್ಮಚ್ಚಿ, "ಎಂಥದು ಮೋಳೇ ಇದು? ಒಂದು ಗುಟುಕು ಸಾಕಿತ್ತಲ್ಲ?" ಎಂದರು. ಅಳುತ್ತಲೇ ಎಲ್ಲ ಹೇಳಿದೆ. ಚೇಚಿ ತಿಂದ ಪೆಟ್ಟಿಗೆ ಸಮವಾಗುವಷ್ಟು ಕುಡಿಯಬೇಕಿತ್ತು ನನಗೆ. ಅಮ್ಮಚ್ಚಿ ನಗಲಿಲ್ಲ.

"ಕಹಿ ಕುಡಿದು ಪಾಪ ಕಳೀಲಿಕ್ಕೆ ಆಗುದಾದ್ರೆ ಯೇಸು ಯಾಕೆ ಸಾಯ್ಬೇಕಿತ್ತು? ಅವಳು ಪೆಟ್ಟು ತಿಂದದ್ದು ನಿನ್ನ ಮೇಲಿನ ಪ್ರೀತಿಗೆ. ಅದನ್ನು ವಾಪಸ್ ಕೊಡ್ಲಿಕ್ಕೆ ಆಗುದಿಲ್ಲ. ಹೋಗಿ ಅಪ್ಪಚ್ಚನ್ ಹತ್ರ ನಿಜ ಹೇಳು. ನಿನಗೆ ಅಷ್ಟೇ ಕೆಲಸ ಉಂಟು."

"ನಾಳೆ ಹೇಳ್ತೇನೆ" ಎಂದೆ.

ಅಷ್ಟು ಸಣ್ಣ ಕೆಲಸ ನನ್ನಿಂದಾಗಲಿಲ್ಲ. ಈಸ್ಟರ್ ದಿನ ಅಪ್ಪಚ್ಚನ್ ನಗುನಗುತ್ತಾ ಇದ್ದರು, ಆ ನಗು ಕೆಡಿಸಲು ಮನಸ್ಸಾಗಲಿಲ್ಲ. ಆಮೇಲೆ ಶಾಲೆ ಶುರುವಾಯಿತು. ನಾನೇ ಹೇಳಲಿ ಎಂದು ಕಾದ ಅಮ್ಮಚ್ಚಿ ಮರುವರ್ಷ ತೀರಿಕೊಂಡರು. ಚೇಚಿಯನ್ನು ಅಪ್ಪಚ್ಚನ್ ಮತ್ತೆ ಹೊಗೆಮನೆಯ ಹತ್ತಿರ ಬಿಡಲಿಲ್ಲ. ಅವಳ ಮದುವೆ ಮಾತುಕತೆಯ ದಿನವೂ, "ಇವಳ ಕೈಗೆ ಬೆಂಕಿ ಮಾತ್ರ ಕೊಡ್ಬೇಡಿ ಮಾರಾಯ್ರೆ" ಎಂದು ಬೀಗರಿಗೆ ತಮಾಷೆಯಾಗಿ ಹೇಳಿದರು. ಎಲ್ಲರೂ ನಕ್ಕರು. ಚೇಚಿಯೂ ನಕ್ಕಳು, ನನ್ನ ಕಡೆ ನೋಡದೆ. ನಾನು ಚಹಾದ ತಟ್ಟೆ ಹಿಡಿದುಕೊಂಡು ಒಳಗೆ ಹೋದೆ.

ಅಪ್ಪಚ್ಚನ್ ಹೋಗಿ ಬಹಳ ಕಾಲವಾಯಿತು. ಕಳೆದ ವರ್ಷ ಚೇಚಿಯೂ ಹೋದಳು. ಕ್ರಿಸ್ತನ ಮರಣದಿಂದ ನನ್ನ ಪಾಪಕ್ಕೆ ಕ್ಷಮೆ ಸಿಕ್ಕಿದೆ ಎಂದು ನಾನು ನಂಬುತ್ತೇನೆ. ಚೇಚಿಯಂತೂ ಅದೇ ದಿನ ಕ್ಷಮಿಸಿದ್ದಳು. ಆದರೆ ತಮ್ಮ ದೊಡ್ಡ ಮಗಳು ಏನೂ ತಪ್ಪು ಮಾಡಿರಲಿಲ್ಲ ಎಂಬುದು ಅಪ್ಪಚ್ಚನ್‌ಗೆ ಕೊನೆಗೂ ಗೊತ್ತಾಗಲಿಲ್ಲ.