ಬ್ಯಾಗಿಗೆ ಹೊಲಿದ ಒರೆ

ನನ್ನ ಮೊದಲ ಬೋನಸ್ಸಿನಲ್ಲಿ ಕೊಂಡ ಹ್ಯಾಂಡ್‌ಬ್ಯಾಗಿನ ಒಳಮೈಗೆ ನಮ್ಮ ಮಾವ ದಬ್ಬಳ, ಗೋಣಿದಾರ ಹಿಡಿದು ಚೂರಿಯ ಒರೆಯನ್ನು ಹೊಲಿದುಬಿಟ್ಟರು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಕಂದು ಬಣ್ಣದ ಮೆತ್ತನೆಯ ಬ್ಯಾಗು, ಅದರ ಹೊರಗಡೆ ಈಗ ಹೊಟ್ಟೆ ಆಪರೇಷನ್ ಆದವರ ಹಾಗೆ ಹೊಲಿಗೆಯ ಒಂದು ಸಾಲು. "ಕೈ ಹಾಕಿದ ತಕ್ಷಣ ಹಿಡಿ ಸಿಗಬೇಕಮ್ಮಾ, ಹುಡುಕೋ ಹಾಗಿರಬಾರದು" ಅಂದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು, ಊಟದ ಡಬ್ಬಿ ತುರುಕಿಕೊಂಡು ಸ್ಟೇಷನ್ನಿಗೆ ಓಡಿದೆ.

ಇದಕ್ಕೆಲ್ಲ ಮೂಲ ಭಾಂಡುಪ್ ಸ್ಟೇಷನ್ನಿಗೂ ನಮ್ಮ ಬಿಲ್ಡಿಂಗಿಗೂ ನಡುವೆ ಇದ್ದ ಒಂದು ಕಾರ್ಖಾನೆಯ ಗೋಡೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕಾರ್ಖಾನೆಗೆ ಬೀಗ ಬಿದ್ದಿತ್ತು, ಗೋಡೆಯುದ್ದಕ್ಕೂ ದೀಪಗಳು ಒಂದೊಂದಾಗಿ ಕೆಟ್ಟಿದ್ದವು, ಸರಿಮಾಡಿಸುವವರು ಯಾರೂ ಇರಲಿಲ್ಲ. ಒಂದು ಸಂಜೆ ಅಲ್ಲಿ ಪಕ್ಕದ ಬಿಲ್ಡಿಂಗಿನ ಹೆಂಗಸಿನ ಮಂಗಳಸೂತ್ರ ಕಿತ್ತುಕೊಂಡು ಹೋದರು. ಕಳೆದದ್ದು ಅವರ ಸರ, ವಿಚಾರಣೆ ಮಾತ್ರ ನಮ್ಮ ಮನೆಯಲ್ಲಿ ನನ್ನ ಕೆಲಸದ್ದು. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಸ್ಟೆನೋ, ದಿನಾ ಕತ್ತಲಾಗುವ ಹೊತ್ತಿಗೆ ರೈಲಿಳಿದು ಆ ಗೋಡೆಯ ಪಕ್ಕದಲ್ಲೇ ಮನೆಗೆ ಬರುವವಳು. ಅತ್ತೆ "ಸಾಕು, ಬಿಟ್ಟುಬಿಡಲಿ" ಅಂದರು. ನಮ್ಮನೆಯವರು ಪೇಪರು ಮಡಿಸುತ್ತಾ "ಅಮ್ಮ ಹೇಳೋದೂ ಸರೀನೇ" ಅಂದರು. ಇವರ ಈ "ಸರೀನೇ" ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಮೈಸೂರಿನಲ್ಲಿ ಅಪ್ಪನ ಹತ್ತಿರ ಜಗಳವಾಡಿ ಕಲಿತ ಶಾರ್ಟ್‌ಹ್ಯಾಂಡು ನನ್ನದು. ಆ ಕೆಲಸ ಹೋದರೆ ನನಗೆ ಉಳಿಯುತ್ತಿದ್ದದ್ದು ಎರಡು ಕೋಣೆ, ಮತ್ತು ಅತ್ತೆಯ ಜೊತೆ ಉದ್ದುದ್ದ ಮಧ್ಯಾಹ್ನಗಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಎದ್ದು ಹೋಗಿ ಟ್ರಂಕಿನಿಂದ ಚೂರಿ ತಂದರು. ಮಾವ ಅರಣ್ಯ ಇಲಾಖೆಯಲ್ಲಿದ್ದವರು ಅಂದರೆ ಜನ ಹುಲಿ, ಆನೆ ಎಂದೆಲ್ಲ ಕಲ್ಪಿಸಿಕೊಳ್ಳುತ್ತಿದ್ದರು. ಅವರು ಅಲ್ಲಿ ಗುಮಾಸ್ತರು, ಕಾಡಿಗಿಂತ ಕಾಡಿನ ಫೈಲುಗಳನ್ನೇ ಹೆಚ್ಚು ಕಂಡವರು. ನಿವೃತ್ತಿಯ ದಿನ ಗಾರ್ಡುಗಳೆಲ್ಲ ಸೇರಿ ಕೊಟ್ಟ ಉಡುಗೊರೆ ಅದು. ಗೇಣುದ್ದದ ದಪ್ಪ ಅಲಗು, ಬೀಟೆಮರದ ಹಿಡಿ, ಚರ್ಮದ ಒರೆ. "ನಾಳೆಯಿಂದ ಇದು ಇವಳ ಹತ್ತಿರ ಇರತ್ತೆ. ಕೆಲಸದ ಮಾತು ಇನ್ನು ಯಾರೂ ಎತ್ತಬೇಡಿ" ಅಂದರು. ಅಷ್ಟು ದೊಡ್ಡದು ಬೇಡ, ಮಡಿಸುವ ಸಣ್ಣ ಚಾಕು ಸಾಲದೇ ಅಂತ ಕೇಳಿದೆ. "ನೀನು ಅದನ್ನ ಬಿಚ್ಚೋ ಹೊತ್ತಿಗೆ ಅವನು ಮುಲುಂಡ್ ದಾಟಿರ್ತಾನೆ" ಅಂದರು.

ಹೀಗೆ ಚೂರಿಯ ದಯೆಯಿಂದ ನನ್ನ ಕೆಲಸ ಉಳಿಯಿತು, ನೆಮ್ಮದಿ ಹೋಯಿತು. ಚೂರಿಯ ಭಾರಕ್ಕೆ ಬ್ಯಾಗು ಒಂದೇ ಕಡೆ ವಾಲಿ ನನ್ನ ಹೆಗಲು ನೋಯುತ್ತಿತ್ತು. ರೈಲಿನ ಪಾಸು ಸದಾ ಒರೆಯ ಹಿಂದೆ ಸೇರಿಕೊಂಡು, ಟಿ.ಸಿ. ಎದುರಿಗೆ ನಿಂತಾಗ ಬಾಚಣಿಗೆ, ಡಬ್ಬಿ, ಕೊಡೆ ಎಲ್ಲ ಹೊರಗೆ ಬಂದು ಕೊನೆಗೆ ಅದು ಬರುತ್ತಿತ್ತು. ಇವೆಲ್ಲಕ್ಕಿಂತ ಹೆಚ್ಚಿನ ಕಿರಿಕಿರಿ ಬೆಳಗಿನ ಕೂಗು. ನಾನು ಹೊಸ್ತಿಲು ದಾಟುತ್ತಿದ್ದ ಹಾಗೆ ಮಾವ ಕೆಳಗಿನ ಮಹಡಿಯವರಿಗೂ ಕೇಳಿಸುವಂತೆ, "ಚೂರಿ ಇಟ್ಕೊಂಡ್ಯೇನಮ್ಮಾ?" ಎಂದು ಕೂಗುತ್ತಿದ್ದರು. ಎದುರು ಮನೆಯ ಗುಜರಾತಿ ಹೆಂಗಸಿಗೆ ಆ ಒಂದು ಕನ್ನಡ ವಾಕ್ಯ ಬಾಯಿಪಾಠವಾಗಿತ್ತು. ಒಮ್ಮೊಮ್ಮೆ ಅವಳೇ ಮೊದಲು ಕೇಳುತ್ತಿದ್ದಳು.

ರಕ್ಷಣೆಗೆಂದು ನಾನು ಆ ಚೂರಿಗೆ ಕೈ ಹಾಕಿದ್ದು ಒಂದೇ ಸಲ. ಗೋಡೆಯ ಹತ್ತಿರ ಒಬ್ಬ ಗಂಡಸು ನೇರವಾಗಿ ನನ್ನ ಕಡೆಗೇ ಬಂದ. ಬ್ಯಾಗಿಗೆ ಕೈ ಹಾಕಿದರೆ ಹಿಡಿಗೆ ಕರವಸ್ತ್ರ ಸುತ್ತಿಕೊಂಡಿದೆ, ಕೊಡೆಯ ಕಡ್ಡಿ ಅಡ್ಡ ಬಂದಿದೆ, ಎಳೆದರೆ ಬರುತ್ತಿಲ್ಲ. ಆತ ಒಂದು ಚೀಟಿ ಹಿಡಿದುಕೊಂಡು ಯಾವುದೋ ಬಿಲ್ಡಿಂಗಿನ ವಿಳಾಸ ಕೇಳಲು ಬಂದವನು. ನಾನು ದಾರಿ ಬರೆದುಕೊಡಲು ಪೆನ್ನು ಹುಡುಕುತ್ತಿದ್ದೇನೆ ಅಂದುಕೊಂಡು, ಪಾಪ, ತಾಳ್ಮೆಯಿಂದ ಕಾದ. ಕೊನೆಗೆ "ರೆಹನೇ ದೋ ಬೆಹನ್‌ಜಿ, ಯಾದ್ ರಹೇಗಾ", ಬರೆಯದಿದ್ದರೂ ನೆನಪಿರುತ್ತದೆ ಬಿಡಿ ಎಂದು ಸಮಾಧಾನ ಹೇಳಿದ.

ಚೂರಿಗೆ ನಿಜವಾದ ಕೆಲಸ ಸಿಕ್ಕಿದ್ದು ಸಂಜೆಯ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ. ವಿ.ಟಿ. ಸ್ಟೇಷನ್ನಿನಿಂದ ದಿನಾ ಒಂದೇ ಗಾಡಿ ಹಿಡಿಯುವ ನಮ್ಮದೊಂದು ಗುಂಪಿತ್ತು. ಸ್ಟೇಷನ್ ಹೊರಗೆ ತರಕಾರಿ ಕೊಳ್ಳುವುದು, ಗಾಡಿಯಲ್ಲಿ ಕೂತು ಬಟಾಣಿ ಬಿಡಿಸುವುದು, ಮೆಂತ್ಯ ಸೋಸುವುದು, ಈರುಳ್ಳಿ ಹೆಚ್ಚುವುದು, ಮನೆ ತಲುಪಿದ ಕೂಡಲೇ ಒಗ್ಗರಣೆಗೆ ಹಾಕುವುದು. ಗುಂಪಿನಲ್ಲಿ ಮುಲುಂಡಿನಲ್ಲಿ ಇಳಿಯುವ ಮಂಗಳೂರು ಕಡೆಯವರೊಬ್ಬರಿದ್ದರು. ಒಂದು ಸಂಜೆ ಸುವರ್ಣಗಡ್ಡೆಗೆ ಸಿಕ್ಕಿ ಅವರ ಚಾಕು ಬಗ್ಗಿಹೋಯಿತು. ನಾನು, ನನ್ನ ಗ್ರಹಚಾರಕ್ಕೆ, ನನ್ನದನ್ನು ಕೊಟ್ಟೆ. ಗಡ್ಡೆ ಬೆಣ್ಣೆಯ ಹಾಗೆ ತುಂಡಾಯಿತು. "ಇಷ್ಟು ಒಳ್ಳೆ ಚೂರಿ ಉಂಟು ನಿಮ್ಮಲ್ಲಿ, ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲ ಮಾರಾಯ್ರೆ" ಅಂದರು.

ಅಲ್ಲಿಂದ ಅದು ಡಬ್ಬಾದ ಆಸ್ತಿಯಾಯಿತು. ನನ್ನ ಚೂರಿಯ ಧೈರ್ಯದ ಮೇಲೆ ಹೆಂಗಸರು ಸಿಹಿಗುಂಬಳ, ಎಳೆ ಹಲಸು ಕೊಳ್ಳತೊಡಗಿದರು. ಅದು ಕೈಯಿಂದ ಕೈಗೆ ಹೋಗಿ ಎಲ್ಲೋ ಕಿಟಕಿಯ ಹತ್ತಿರ ಕೂತಿರುತ್ತಿತ್ತು. ಭಾಂಡುಪಿಗೆ ಮುಂಚಿನ ಸ್ಟೇಷನ್ ಕಾಂಜೂರ್ ದಾಟಿದೊಡನೆ ನಾನು ನಿಂತುಕೊಂಡು "ಮೇರಾ ಚಾಕೂ ಕಿಧರ್ ಹೈ?" ಎಂದು ಕೂಗಬೇಕು, ಹೊಸಬರು ಬೆದರಿ ನನಗೆ ದಾರಿ ಬಿಡಬೇಕು. ಗಾಡಿ ಇಳಿಯುವಾಗ ಯಾರಾದರೂ ಅಡ್ಡಗಟ್ಟಿದ್ದರೆ ನಾನು ಅವನಿಗೆ ತೋರಿಸುತ್ತಿದ್ದದ್ದು ಈರುಳ್ಳಿ ಸಿಪ್ಪೆ ಅಂಟಿದ ಚೂರಿಯನ್ನು.

ಆ ಈರುಳ್ಳಿ ವಾಸನೆಯೇ ನನ್ನ ಪ್ರಾಣ ತೆಗೆಯಿತು. ಪ್ರತಿ ಭಾನುವಾರ ಮಾವ ಬ್ಯಾಗನ್ನು ಬಾಲ್ಕನಿಗೆ ಒಯ್ದು, ಚೂರಿಯನ್ನು ಸಾಣೆಕಲ್ಲಿನ ಮೇಲೆ ಮಸೆದು, ಕೊಬ್ಬರಿ ಎಣ್ಣೆ ಸವರಿ ಇಡುತ್ತಿದ್ದರು. ಮನೆಯವರೆಲ್ಲ ರೌಡಿಗಳಿಗೆಂದು ನಂಬಿದ್ದ ಚೂರಿ ಹೂಕೋಸು ಹೆಚ್ಚುತ್ತಿದೆ ಅಂತ ತಿಳಿದರೆ ಅತ್ತೆ ಬಿಡುತ್ತಾರೆಯೇ? ಕೆಲಸ ಬಿಡಿಸುವ ಮಾತು ಮತ್ತೆ ಏಳುತ್ತದೆ, ಇವರು ಮತ್ತೆ "ಸರೀನೇ" ಅನ್ನುತ್ತಾರೆ. ಹಾಗಾಗಿ ದಿನಾ ಭಾಂಡುಪಿನ ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ನಿಂಬೆಹೋಳು ಹಾಕಿ ಅಲಗು ತಿಕ್ಕುತ್ತಿದ್ದೆ. ಆಫೀಸಿನಲ್ಲಿ ಟೈಪು ಮಾಡಿ ಮಾಡಿ ನೋಯುವ ಬೆರಳುಗಳಿಗೆ ನಿಂಬೆರಸ ಬೇರೆ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಊರು ಬಿಗುವಾಗಿದ್ದ ದಿನಗಳು ಬಂದವು. ಸ್ಟೇಷನ್ನುಗಳಲ್ಲಿ ಬ್ಯಾಗು ತೆಗೆಸಿ ನೋಡುತ್ತಿದ್ದರು. ಒಂದು ಸೋಮವಾರ ಸಂಜೆ ಗಾಡಿ ಹತ್ತುವ ಮೊದಲು ಒಬ್ಬ ಮಹಿಳಾ ಪೊಲೀಸ್ ನನ್ನ ಬ್ಯಾಗಿಗೆ ಕೈ ಹಾಕಿದಳು. ಮಾವನ ಲೆಕ್ಕಾಚಾರ ಅವಳ ವಿಷಯದಲ್ಲಿ ಮಾತ್ರ ಪಕ್ಕಾ ಆಯಿತು. ಕೈ ಹಾಕಿದ ತಕ್ಷಣ ಹಿಡಿ ಸಿಕ್ಕಿತು. ತರಕಾರಿ ಹೆಚ್ಚಲು ಎಂದು ನಾನಂದೆ. ಗುಂಪಿನವರೆಲ್ಲ ತಮ್ಮ ಚೀಲ ತೆರೆದು ಬೆಂಡೆಕಾಯಿ, ಗಡ್ಡೆ ತೋರಿಸಿದರು. ಅವಳು ನಂಬುವವಳೇ ಇದ್ದಳು. ಆದರೆ ಅಲಗನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಹಿಂದಿನ ದಿನವಷ್ಟೇ ಮಾವ ಮಸೆದು ಎಣ್ಣೆ ಹಚ್ಚಿದ್ದು, ಈರುಳ್ಳಿಯ ಸುಳಿವೂ ಇಲ್ಲ. ತರಕಾರಿ ಚಾಕುವಿಗೆ ಕೊಬ್ಬರಿ ಎಣ್ಣೆ ಯಾರು ಹಚ್ಚುತ್ತಾರೆ ಎಂದು ಮರಾಠಿಯಲ್ಲಿ ಕೇಳಿದಳು. ಒಂದು ದಿನ, ಒಂದೇ ಒಂದು ದಿನ ಅದು ನಾರಬೇಕಿತ್ತು, ಅವತ್ತೇ ನಾರಲಿಲ್ಲ. ಗಂಡನನ್ನು ಕರೆದುಕೊಂಡು ಬಾ, ಬರೆಸಿಕೊಂಡು ಕೊಡುತ್ತೇವೆ ಎಂದು ಚೂರಿಯನ್ನು ಇಟ್ಟುಕೊಂಡಳು. ಒರೆ ಹೊಲಿದಿದ್ದರಿಂದ ಬ್ಯಾಗಿನಲ್ಲೇ ಉಳಿಯಿತು.

ಗಂಡನನ್ನು ಕರೆದುಕೊಂಡು ಹೋಗುವುದಕ್ಕಿಂತ ರಾಜೀನಾಮೆ ಟೈಪು ಮಾಡುವುದು ಸುಲಭವಿತ್ತು. ಮರುದಿನ ಬೆಳಿಗ್ಗೆ ಅಡುಗೆಮನೆಯ ಚಾಕುವನ್ನು ಒರೆಯೊಳಗೆ ತೂರಿಸಿದೆ. ಅತ್ತೆ ತರಕಾರಿಗೆ ಈಳಿಗೆಮಣೆ ಬಳಸುವವರು, ನೀಲಿ ಪ್ಲಾಸ್ಟಿಕ್ ಹಿಡಿಯ ಆ ಚಾಕು ನಿಂಬೆಹಣ್ಣಿಗೆ ಮಾತ್ರ. ಆದರೂ ಅಂದೇ ಹುಡುಕತೊಡಗಿದರು. "ಈ ಮನೇಲಿ ಒಂದು ಸಾಮಾನು ಇಟ್ಟ ಜಾಗದಲ್ಲಿರಲ್ಲ" ಎಂದು ವಾರವಿಡೀ ಡಬ್ಬಗಳನ್ನು ಕುಟ್ಟಿದರು. ಬೆಳಿಗ್ಗೆ ಮಾವನ ಕೂಗಿಗೆ "ಇಟ್ಕೊಂಡಿದೀನಿ ಮಾವ" ಅನ್ನುತ್ತಾ ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸುತ್ತಿದ್ದೆ. ಭಾನುವಾರ ಬರದೇ ಇರಲಿ ಎಂದು ಆ ವಾರ ಹಾರೈಸಿದಷ್ಟು ಇನ್ನೆಂದೂ ಹಾರೈಸಿಲ್ಲ.

ಬಂತು. ಮಾವ ಸಾಣೆಕಲ್ಲು, ಎಣ್ಣೆ ಬಾಟಲು, ಬ್ಯಾಗು ಹಿಡಿದು ಬಾಲ್ಕನಿಯಲ್ಲಿ ಕೂತರು. ಇವರು ಪಕ್ಕದಲ್ಲೇ ಪೇಪರಿನೊಳಗಿದ್ದರು. ಅತ್ತೆ ಕೋಣೆಯ ನಡುವೆ ಅಕ್ಕಿ ಆರಿಸುತ್ತಿದ್ದರು. ನಾನು ಒಲೆಯ ಮುಂದೆ ನಿಂತಿದ್ದೆ, ಸೌಟು ಕೈಯಲ್ಲಿತ್ತು, ಹುಳಿ ಉಕ್ಕುತ್ತಿದ್ದದ್ದು ಕಾಣಿಸಲಿಲ್ಲ. ಮಾವ ಕೈ ಹಾಕಿದರು, ಎಳೆದರು. ನೀಲಿ ಹಿಡಿ ಹೊರಗೆ ಬಂತು. ಅವರು ಅದನ್ನು ಒಂದು ಗಳಿಗೆ ನೋಡಿ, ಕೂತಲ್ಲೇ ಪೂರ್ತಿ ಬೀದಿಯ ಕಡೆಗೆ ತಿರುಗಿ, ನಮಗೆಲ್ಲ ಬೆನ್ನು ಮಾಡಿ ಮಸೆಯತೊಡಗಿದರು. ಬಹಳ ಹೊತ್ತು ಮಸೆದರು. ಅತ್ತೆ ಮೊರದಿಂದ ತಲೆ ಎತ್ತದೆ, "ಸರಿಯಾಗಿದೆಯೇನ್ರೀ ಅದು?" ಎಂದು ಕೇಳಿದರು. "ಚೂರಿಗೇನು, ಗಟ್ಟಿಮುಟ್ಟಾಗಿದೆ" ಅಂದರು ಮಾವ. ಸಂಜೆ ಹೊರಗೆ ಹೋಗಿ ಬಂದವರು ಒಂದು ಹೊಸ ಅಡುಗೆ ಚಾಕುವನ್ನು ಅತ್ತೆಯ ಮುಂದಿಟ್ಟು, ಇನ್ನು ಆ ಡಬ್ಬಗಳನ್ನು ಕುಟ್ಟುವುದು ಸಾಕು ಅಂದರು.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಅದೇ ಕೂಗು, "ಚೂರಿ ಇಟ್ಕೊಂಡ್ಯೇನಮ್ಮಾ?" ಒಳಗಿನಿಂದ ಅತ್ತೆ "ಇಟ್ಕೊಂಡಿರ್ತಾಳೆ ಬಿಡಿ, ದಿನಾ ಏನದು ಗಲಾಟೆ" ಎಂದು ಗೊಣಗಿದರು. ನಾನು ಚಪ್ಪಲಿ ಮೆಟ್ಟಲು ಬಗ್ಗಿದಾಗ ಮಾವನೂ ಸ್ವಲ್ಪ ಬಗ್ಗಿದರು. ಅವರಿಂದ ನಾನೆಂದೂ ಕೇಳಿರದ ಸಣ್ಣ ದನಿಯಲ್ಲಿ, "ಟ್ರೈನಲ್ಲಿ ಈರುಳ್ಳಿ ಹೆಚ್ಚೋರಿಗೆ ಹೇಳು, ತುಂಬ ಹರಿತ ಮಾಡಿದೀನಿ, ಬೆರಳು ಜೋಪಾನ ಅಂತ" ಅಂದರು.

ಮೆಟ್ಟಿಲಿಳಿಯುವಾಗ ನನಗೆ ಬಂದದ್ದು ಸಿಟ್ಟು. ನಾನು ತಿಕ್ಕಿದ್ದು ಅಲಗನ್ನು ಮಾತ್ರ, ಚರ್ಮದ ಒರೆಗೆ ಹತ್ತಿದ ಈರುಳ್ಳಿ ವಾಸನೆ ಭಾನುವಾರ ಭಾನುವಾರ ಅವರ ಮೂಗಿಗೆ ಬಿದ್ದಿರಬೇಕು. ಗೊತ್ತಿದ್ದರೆ ಮೊದಲೇ ಹೇಳಬಾರದಿತ್ತೇ, ಎರಡು ವರ್ಷ ಆ ನಲ್ಲಿಯ ಮುಂದೆ ಎಷ್ಟು ನಿಂಬೆಹಣ್ಣು ಹಾಳು ಮಾಡಿದೆ ಎಂದು ಸ್ಟೇಷನ್ನಿನವರೆಗೂ ಗೊಣಗಿಕೊಂಡೇ ಹೋದೆ. ಗಾಡಿ ಕಾಂಜೂರ್ ದಾಟಿದ ಮೇಲೆ, ಜನರ ನಡುವೆ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತಿದ್ದಾಗ, ಇನ್ನೊಂದು ಹೊಳೆಯಿತು. ಬಾಗಿಲ ಬಳಿ ನಿಂತ ನನ್ನನ್ನು ಕೇಳಲು ಅಷ್ಟು ಗಟ್ಟಿಯಾಗಿ ಕೂಗಬೇಕಾಗಿರಲಿಲ್ಲ. ಮಾವ ದಿನಾ ಕೂಗುತ್ತಿದ್ದದ್ದು ಒಳಗೆ ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸಲಿ ಎಂದು.